ಮೇಸ್ತ್ರಿ ವಾಪಸ್ ಕೇಳದ ನಾಲ್ಕು ಕಂಬ

ಮೇಸ್ತ್ರಿಯವರ ಎಡಗಿವಿಗೆ ಯಾವಾಗಲೂ ಸುಣ್ಣ ಮೆತ್ತಿರುತ್ತಿತ್ತು. ಸ್ಟೂಲು ಹತ್ತಿ, ಸುತ್ತಿಗೆಯ ಹಿಡಿಯಿಂದ ಮಾಳಿಗೆಯ ಚಪ್ಪಡಿ ಕುಟ್ಟಿ, ಆ ಕಿವಿಯನ್ನು ಕಲ್ಲಿಗೆ ಆನಿಸಿ ಕೇಳುವುದು ಅವರ ಪದ್ಧತಿ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಬಿರಿದದ್ದು ಡಬ್ ಅನ್ನುತ್ತದೆ. ನಮ್ಮ ಮನೆಗೆ ಮೊದಲ ಸಲ ಬಂದ ದಿನ ಮೂರು ಚಪ್ಪಡಿ ಠಣ್ ಅಂದವು. ನಾಲ್ಕನೆಯದಕ್ಕೆ ಕಿವಿ ಕೊಟ್ಟು ಬಹಳ ಹೊತ್ತು ನಿಂತರು. ಆಮೇಲೆ ಕೆಳಗೆ ನೋಡಿ, ಈ ಮಂಚದ ಮೇಲೆ ಯಾರು ಮಲಗುತ್ತಾರೆ ಎಂದು ಕೇಳಿದರು. ಮಂಚದ ಮೇಲೆ ನನ್ನ ಅಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. "ಕಾಣಲ್ವಾ ಮೇಸ್ತ್ರಿ, ನಾನೇ" ಅಂದಳು.

ಅಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಆಗಲೇ ಒಂದು ವರ್ಷವಾಗಿತ್ತು. ನಮ್ಮದು ಎರಡೇ ಕೋಣೆಯ ಕಲ್ಲುಚಪ್ಪಡಿ ಮನೆ. ಮುಂದಿನ ಕೋಣೆಯಲ್ಲಿ ಅವಳ ಮಂಚ, ಹಿಂದಿನದರಲ್ಲಿ ಒಲೆ, ಬಿಂದಿಗೆ ಮತ್ತು ಒಬ್ಬಳೇ ಮುದುಡಿ ಮಲಗುವಷ್ಟು ಜಾಗ. ಮಂಚವನ್ನು ಬಡಗಿ ಒಳಗೇ ಕೂಡಿಸಿದ್ದರಿಂದ ಅದು ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ನಾನು ರವಿಕೆ ಹೊಲಿಯುವವಳು. ಬಾಡಿಗೆ ಮನೆ ಹಿಡಿಯುವ ಶಕ್ತಿ ಇರಲಿಲ್ಲ. ಶ್ರೀನಿವಾಸಪುರದಲ್ಲಿರುವ ತಮ್ಮನನ್ನು ಕೇಳಿದರೆ, ಎರಡು ದಿನ ಬೇಕಾದರೆ ಅಮ್ಮನನ್ನು ಇಟ್ಟುಕೊಳ್ಳುತ್ತೇನೆ ಅಂದ. ಆ ಎರಡು ದಿನದ ಉಪಕಾರ ಅವನ ಹತ್ತಿರವೇ ಇರಲಿ ಎಂದು ಬಿಟ್ಟೆ.

ಮೇಸ್ತ್ರಿ ನಮ್ಮ ಪೇಟೆಯ ಭಾನುವಾರದ ತಂಡದ ಹಿರಿಯರು. ಮೂವರು ಗಾರೆಯವರು, ಒಬ್ಬ ವೆಲ್ಡರ್, ಒಬ್ಬ ಪೇಂಟರ್. ವಾರಕ್ಕೊಂದು ದಿನ ಕೂಲಿ ಇಲ್ಲದೆ ಬಡವರ ಮನೆ ಸರಿ ಮಾಡಿಕೊಡುತ್ತಿದ್ದರು. ಸಿಮೆಂಟು, ಕಲ್ಲು, ಶೀಟಿಗೆ ಪುರಸಭೆಯ ಆಫೀಸು ದುಡ್ಡು ಕೊಡುತ್ತಿತ್ತು. ಅದಕ್ಕೆ ಒಂದು ಕಟ್ಟುನಿಟ್ಟು: ಮೊದಲು ಹಾಳಾದ ಮನೆಯ ಫೋಟೋ, ಆಮೇಲೆ ಮಂಜೂರಾತಿ, ಆಮೇಲೆ ಕೆಲಸ. ಮಂಜೂರಾಗುವ ಮುಂಚೆ ಕೈ ಹಾಕಿದರೆ ಅರ್ಜಿ ರದ್ದು. ಯಾರೋ ಎಲ್ಲೋ ಮೊದಲೇ ಸರಿ ಮಾಡಿಸಿಕೊಂಡ ಮನೆಗೆ ಬಿಲ್ಲು ತೋರಿಸಿದ್ದರಂತೆ, ಅದಕ್ಕೇ ಈ ನಿಯಮ.

ಮೇಸ್ತ್ರಿ ನನ್ನ ಕೈಲಿ ಅರ್ಜಿ ಬರೆಸಿದರು. ಅದೇ ಸಂಜೆ ಕೈಗಾಡಿಯಲ್ಲಿ ನಾಲ್ಕು ಕಬ್ಬಿಣದ ಕಂಬ ತಂದು, ಮಂಚದ ನಾಲ್ಕೂ ಮೂಲೆಗೆ ನಿಲ್ಲಿಸಿ, ಮೇಲೆ ಹಲಗೆ ಕೊಟ್ಟು, ತಿರುಪು ಬಿಗಿದು ಬಿರಿದ ಚಪ್ಪಡಿಗೆ ಆನಿಸಿದರು. ನಿಯಮದ ಕಥೆ ಏನು ಎಂದೆ. "ಇದು ರಿಪೇರಿ ಅಲ್ಲಮ್ಮಾ, ಹಿಡ್ಕೊಂಡಿರೋದು ಅಷ್ಟೇ" ಅಂದರು.

ಅಲ್ಲೇ ಅವರು ಎಡವಿದ್ದು. ಒಂದೂವರೆ ತಿಂಗಳಾದ ಮೇಲೆ ಆಫೀಸಿನ ಮೇಡಂ ಫೋನು ಹಿಡಿದು ಬಂದರು, ಫೋಟೋ ತೆಗೆದುಕೊಂಡು ಹೋದರು. ಫೋಟೋದಲ್ಲಿ ಕಂಬ ಇತ್ತಲ್ಲ, ಕೆಲಸ ಆಗಲೇ ಶುರುವಾಗಿದೆ ಎಂದು ಅರ್ಜಿ ತಿರುಗಿ ಬಂತು. ಮತ್ತೆ ಅರ್ಜಿ, ಮತ್ತೆ ಸರದಿ.

ಕಂಬಗಳ ನಡುವೆ ನಾವು ಏಳು ತಿಂಗಳು ಬಾಳಿದೆವು. ಅಮ್ಮನಿಗೆ ನೀರು ಕೊಡಲೂ ನಾನು ಅಡ್ಡಡ್ಡ ತಿರುಗಿ ಒಳಗೆ ತೂರಬೇಕು. ಮೊಣಕೈ, ತೊಡೆ ಎಲ್ಲ ಕಂದಿಹೋಗಿತ್ತು. ಹೊಲಿಗೆ ಯಂತ್ರವನ್ನು ಬಾಗಿಲಿಗೆ ಎಳೆದುಕೊಂಡೆ. ಬಂದವರು ರವಿಕೆ ಅಳತೆಯನ್ನು ಬೀದಿಯಲ್ಲೇ ಕೊಡಬೇಕಾಯಿತು. ಬರಬರುತ್ತಾ ಬರುವವರೂ ಕಡಿಮೆಯಾದರು. ಅಮ್ಮನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ನನ್ನ ಮದುವೆಗೆ ಹಾಕಲಾಗದ ಚಪ್ಪರವನ್ನು ಮೇಸ್ತ್ರಿ ಹಾಕಿಕೊಟ್ಟಿದ್ದಾರೆ, ಇನ್ನು ಗಂಡು ಬರುವುದೊಂದೇ ಬಾಕಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಮೇಸ್ತ್ರಿ ಬರುತ್ತಿದ್ದರು. ತಿರುಪು ಬಿಗಿದು, ಚಪ್ಪಡಿ ಕುಟ್ಟಿ, ಕಿವಿ ಆನಿಸಿ, "ಇದೆ" ಅನ್ನುತ್ತಿದ್ದರು. ಅರ್ಧ ಲೋಟ ಟೀ ಕುಡಿಯುತ್ತಿದ್ದರು. ಪೂರ್ತಿ ಕೊಟ್ಟರೆ ಅರ್ಧ ಅಮ್ಮನ ಲೋಟಕ್ಕೆ ಬಗ್ಗಿಸಿ, "ಅಕ್ಕಾ, ನಿಮ್ಮ ಪಾಲು" ಅನ್ನುತ್ತಿದ್ದರು. ಅವರ ಮುಂದೆ ಮಾತ್ರ ಅಮ್ಮ ಚಪ್ಪರದ ಮಾತೆತ್ತುತ್ತಿರಲಿಲ್ಲ.

ಒಂದು ದಿನ ತಂಡದ ವೆಲ್ಡರ್ ನನಗೆ ಬಿಡಿಸಿ ಹೇಳಿದ. ಕಿಟಕಿಯ ಮೇಲಿನ ಸಜ್ಜಾ, ಲಿಂಟಲ್‌ನಂಥ ಸಣ್ಣ ಕೆಲಸ ಸ್ವಂತಕ್ಕೆ ಹಿಡಿದರೆ, ಕಾಂಕ್ರೀಟು ಗಟ್ಟಿಯಾಗುವವರೆಗೆ ಅಡಿಗೆ ಕೊಡಲು ಮೇಸ್ತ್ರಿಗೆ ಇದ್ದದ್ದು ಆ ನಾಲ್ಕೇ ಕಂಬ. ನರಸಾಪುರದ ಹತ್ತಿರ ಕಂಪನಿ ಕೆಲಸಗಾರರಿಗೆ ಕಟ್ಟುವ ಬಾಡಿಗೆ ರೂಮುಗಳ ಕೆಲಸ ಕೈಗೆ ಬಂದಿತ್ತು, ಕಂಬ ಇಲ್ಲ ಎಂದು ಬಿಟ್ಟುಕೊಟ್ಟರು. ಈಗ ತಾವೇ ಕೆಲಸ ಕಲಿಸಿದ್ದವನ ಕೈಕೆಳಗೆ ಗಾರೆ ಹೊರುತ್ತಿದ್ದಾರೆ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಕೋಪ ಬರುತ್ತದೆ. ಆ ಶುಕ್ರವಾರ ಅವರ ಮೇಲೆಯೇ ಹರಿಹಾಯ್ದೆ, ತೆಗೆದುಕೊಂಡು ಹೋಗಿ ನಿಮ್ಮ ಕಂಬ, ನಮ್ಮ ಹಣೆಬರಹ ನಾವು ನೋಡಿಕೊಳ್ಳುತ್ತೇವೆ ಎಂದೆ. ಅವರು ತಿರುಪು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ನಿಂತಿದೆ ಅಂದ್ರೆ ಅದು ಕೆಲಸದಲ್ಲೇ ಇದೆಯಮ್ಮಾ" ಅಂದರು.

ಕೊನೆಗೆ ನಮ್ಮ ಸರದಿ ಮತ್ತೆ ಬಂತು. ಮೇಡಂ ಮೊದಲೇ ಹೇಳಿಬಿಟ್ಟರು: ಈ ಸಲ ಫೋಟೋದಲ್ಲಿ ಕಂಬ ಕಾಣಬಾರದು, ಮನೆಯ ಖಾತೆ ಯಾರ ಹೆಸರಲ್ಲಿದೆಯೋ ಅವರು ಕಾಣಬೇಕು. ಖಾತೆ ಇದ್ದದ್ದು ಅಮ್ಮನ ಹೆಸರಲ್ಲಿ. ಮೇಸ್ತ್ರಿ ಆಗುವುದಿಲ್ಲ ಅಂದರು. ಚಪ್ಪಡಿ ಈಗ ಕಂಬದ ಮೇಲೆಯೇ ಕೂತಿದೆ, ತೆಗೆದರೆ ನಾನು ಜವಾಬ್ದಾರನಲ್ಲ ಅಂದರು. ಮೇಡಂ ಕೆಟ್ಟವರಲ್ಲ, ಫೋನು ತಿರುಗಿಸಿ ಕೊನೆಯ ತಾರೀಖು ತೋರಿಸಿದರು. ಇವತ್ತು ಆಗದಿದ್ದರೆ ಮುಂದಿನ ವರ್ಷದ ಪಟ್ಟಿಗೆ.

ಇನ್ನೂ ಒಂದು ವರ್ಷ ಆ ಕಂಬಗಳ ಸಂದಿಯಲ್ಲಿ ನುಸುಳುವುದು ನನ್ನಿಂದ ಆಗುತ್ತಿರಲಿಲ್ಲ. "ತೆಗೀರಿ ಮೇಸ್ತ್ರಿ" ಎಂದೆ. "ಎರಡು ನಿಮಿಷ. ನನ್ನ ಮನೆ ಇದು, ನಾನು ಹೇಳ್ತಿದೀನಿ."

ಅವರು ನನ್ನ ಮುಖ ನೋಡಿದರು. ವೆಲ್ಡರ್‌ನ ಜೊತೆ ಸೇರಿ ಅಮ್ಮನನ್ನು ಕುರ್ಚಿಯಲ್ಲಿ ಎತ್ತಿ ಹೊಸಿಲ ಹೊರಗೆ ಕೂರಿಸಿದರು. ನೋವಿಗೆ ಅಮ್ಮ ಸೆರಗು ಕಚ್ಚಿಕೊಂಡಿದ್ದಳು. ಎಲ್ಲರನ್ನೂ ಆಚೆ ಕಳಿಸಿ ಮೇಸ್ತ್ರಿ ಒಬ್ಬರೇ ಒಳಗೆ ನಾಲ್ಕೂ ಕಂಬ ಇಳಿಸಿ ಗೋಡೆಯ ಮರೆಗೆ ಇಟ್ಟು ಬಂದರು. ಮೇಡಂ ಬೀದಿಯಿಂದ ಫೋಟೋ ತೆಗೆದರು: ಮುಂದೆ ಅಮ್ಮ, ಹಿಂದೆ ಬಿರಿದ ಚಪ್ಪಡಿ. ಸರಿಯಾಗಿ ಬಂದಿದೆ ಎಂದು ಹೇಳಿ ಹೊರಟುಹೋದರು.

ಮೇಸ್ತ್ರಿ ಕಂಬ ನಿಲ್ಲಿಸಲು ಮತ್ತೆ ಒಳಗೆ ಹೊರಟರು. ಇವತ್ತು ಹೇಗೋ ಕಳೆಯುತ್ತೇವೆ ಬಿಡಿ ಎಂದೆ. ಅಕ್ಕ ಎಲ್ಲಿ ಮಲಗುತ್ತಾರೆ ಎಂದು ಕೇಳಿದರು. ಹಾಗೇ ಒಳಗೆ ಹೋದರು. ಎರಡನೆಯ ಕಂಬದ ತಿರುಪು ತಿರುಗಿಸುವ ಸದ್ದು ಕೇಳುತ್ತಿತ್ತು, ಅಷ್ಟರಲ್ಲಿ ಚಪ್ಪಡಿ ಬಿತ್ತು. ಮಂಚ ಎರಡು ತುಂಡಾಯಿತು. ಅವರ ಬಲಗಾಲು ಕಲ್ಲಿನ ಕೆಳಗಿತ್ತು.

ಕೋಲಾರದ ಆಸ್ಪತ್ರೆಗೆ ಮೂರನೆಯ ದಿನ ಆಫೀಸಿನಿಂದ ಇಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ತಂಡದ ಕೆಲಸದಲ್ಲಿ ಪೆಟ್ಟಾದರೆ ಆಫೀಸೇ ಚಿಕಿತ್ಸೆಯ ಖರ್ಚು ಕೊಡುತ್ತದೆ. ಆದರೆ ಮಂಜೂರಾಗುವ ಮುಂಚೆ ಮನೆಯವರ ಮಾತಿಗೆ ಕೆಲಸ ನಡೆದಿತ್ತು ಎಂದಾದರೆ ಮನೆಯವರ ಅರ್ಜಿ ಸತ್ತಂತೆ. ಯಾರು ಹೇಳಿದ್ದಕ್ಕೆ ಒಳಗೆ ಹೋದಿರಿ ಎಂದು ಕೇಳಿದರು. ನಾನು ಅವರ ಮಂಚದ ಪಕ್ಕದಲ್ಲೇ ನಿಂತಿದ್ದೆ.

"ಯಾರೂ ಹೇಳಿಲ್ಲ" ಅಂದರು ಮೇಸ್ತ್ರಿ. "ನನ್ನ ಕಂಬ ಬೇಕಾಗಿತ್ತು. ವಾಪಸ್ ತಗೊಂಡು ಹೋಗೋಕೆ ನಾನೇ ಹೋದೆ."

ಬರೆದುಕೊಂಡವರು ಸಾಕ್ಷಿ ಯಾರಾದರೂ ಇದ್ದಾರೆಯೇ ಅಂದರು. ಅಮ್ಮ ಆ ದಿನಗಳಲ್ಲಿ ಮನೆಯಲ್ಲಿ ಒಲೆಯ ಪಕ್ಕ ನೆಲದ ಮೇಲೆ ಮಲಗುತ್ತಿದ್ದಳು; ಅವಳ ಕಾಲು ಹಿತ್ತಲ ಬಾಗಿಲಿನಿಂದ ಆಚೆಗೆ ಚಾಚಿರುತ್ತಿತ್ತು. ನಾನು ಪೆನ್ನು ತೆಗೆದುಕೊಂಡೆ.

ಎರಡು ತಿಂಗಳಲ್ಲಿ ಮಂಜೂರಾಯಿತು, ತಂಡದವರು ಹೊಸ ಮಾಳಿಗೆ ಹಾಕಿದರು. ಮೇಸ್ತ್ರಿ ಮತ್ತೆ ಸ್ಟೂಲು ಹತ್ತಲಿಲ್ಲ. ಸಿಮೆಂಟಿನ ಅಂಗಡಿಯ ಮುಂದೆ ಕೂತಿರುತ್ತಿದ್ದರು. ನಾನು ಎರಡು ಸಲ ಆ ವಿಷಯ ತೆಗೆದೆ, ಎರಡು ಸಲವೂ ಅಕ್ಕ ಹೇಗಿದ್ದಾರೆ ಎಂದು ಮಾತು ತಿರುಗಿಸಿದರು. ಹೋದ ವರ್ಷ ಆ ಕಾಲಿನ ಗಾಯ ಮತ್ತೆ ಕೀವಾಗಿ, ನಂಜು ಮೈಗೆಲ್ಲ ಏರಿ ತೀರಿಕೊಂಡರು.

ನಲವತ್ತನೆಯ ದಿನ ಕಳೆದ ಮೇಲೆ ಅವರ ಹೆಂಡತಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಕಂಬ ತೆಗೆಸಿದ್ದು ನಾನು, ಅವರು ಹೇಳಿದ್ದು ಸುಳ್ಳು ಎಂದೆ. ಬೈಯಲಿ ಎಂದೇ ಹೋಗಿದ್ದೆ.

"ಗೊತ್ತಮ್ಮಾ" ಅಂದರು ಆಕೆ. "ಅಷ್ಟು ವರ್ಷ ಸಂಸಾರ ಮಾಡಿದೀನಿ, ಕೊಟ್ಟ ಸಾಮಾನು ವಾಪಸ್ ಕೇಳಿದ್ದು ಒಂದು ದಿನಾನೂ ನೋಡಿಲ್ಲ. ಆ ಕಾಗದ ಓದಿಸಿಕೊಂಡಾಗಲೇ ಗೊತ್ತಾಯ್ತು. ಕೆಳಗೆ ಸಾಕ್ಷಿ ಸಹಿ ಹಾಕಿದ್ದು ಯಾರು ಅಂತ ಮಾತ್ರ ಗೊತ್ತಿರಲಿಲ್ಲ."

ನಾನು ಎಂದು ಹೇಳಿದೆ. ಆಕೆ ಎದ್ದು ಬಾಗಿಲು ತೆರೆದರು. ಆಮೇಲೆ, ಹೊತ್ತಾಯಿತು, ಅಮ್ಮ ಒಬ್ಬರೇ ಇರುತ್ತಾರೆ, ಮನೆಗೆ ಹೋಗು ಅಂದರು. ಹೋಗಲು ನನಗಿರುವುದು ಅದೊಂದೇ ಮನೆ.