ಮಾರ್ಫಿನ್‌ಗೆ ಮೊದಲಿನ ಸಾಕ್ಷ್ಯ

2009ರಲ್ಲಿ ನಾನು ಡೆಟ್ರಾಯಿಟ್ ಹೊರವಲಯದ ಆಸ್ಪತ್ರೆಯೊಂದರಲ್ಲಿ ಪ್ಯಾಲಿಯೇಟಿವ್ ಕೇರ್ ವೈದ್ಯನಾಗಿದ್ದೆ. ಗುಣವಾಗದ ರೋಗಿಗಳ ನೋವನ್ನು ತಗ್ಗಿಸುವುದೇ ಈ ವಿಭಾಗದ ಕೆಲಸ. ಆಗ ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕೆಲಸದ ಜೊತೆಗೆ ಇನ್ಶೂರೆನ್ಸನ್ನೂ ಕಳೆದುಕೊಂಡವರು ರೋಗ ಮಿತಿಮೀರಿದ ಮೇಲಷ್ಟೇ ನಮ್ಮಲ್ಲಿಗೆ ಬರುತ್ತಿದ್ದರು.

ಎಂಬತ್ತು ದಾಟಿದ ರೋಸ್ ಬಂದದ್ದು ಆ ಚಳಿಗಾಲದಲ್ಲಿ. ಪೊಟವಾಟಮಿ ಎಂಬ ಮೂಲನಿವಾಸಿ ಜನಾಂಗದವರು. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ನೋವು ತಗ್ಗಿಸುವ, ಆದರೆ ಮಂಪರನ್ನೂ ತರುವ ಮಾರ್ಫಿನ್ ಬರೆದೆ. ಅವರು ಬೇಡವೆಂದರು.

ಕಾರಣ ಹೇಳಿದವಳು ಮಗಳು ಲಿಂಡಾ. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನಿಕರು ಅವರ ಜನರನ್ನು ಮಿಸಿಸಿಪಿ ನದಿಯಾಚೆಗೆ ಅಟ್ಟಿದಾಗ ರೋಸ್ ಅವರ ಹಿರಿಯರು ಜೌಗು ಕಾಡಿನಲ್ಲಿ ಅಡಗಿ ಉಳಿದುಕೊಂಡಿದ್ದರು. ಹೊರಬಂದಾಗ ಅವರ ಊರು ಬೇರೆಯವರ ಹೊಲವಾಗಿತ್ತು. ಈಗ ಅಲ್ಲಿ ಕಂಪನಿಯೊಂದು ಗೋದಾಮು ಕಟ್ಟಲು ಹೊರಟಿತ್ತು. ಆ ನೆಲವನ್ನು ತಾವೆಂದೂ ಬಿಟ್ಟುಕೊಟ್ಟಿಲ್ಲವೆಂದು ಈ ಜನ ದಾವೆ ಹೂಡಿದ್ದರು. ಅಲ್ಲಿ ಹೂಳಿದ ತಮ್ಮವರ ಸಮಾಧಿಗಳನ್ನು ಬಲ್ಲವರಲ್ಲಿ ಬದುಕಿದ್ದವರು ರೋಸ್ ಒಬ್ಬರೇ. ಅವರ ಡೆಪೊಸಿಷನ್, ಅಂದರೆ ಕೋರ್ಟಿನ ಹೊರಗೆ ಎರಡೂ ಕಡೆಯ ವಕೀಲರ ಮುಂದೆ ಪ್ರಮಾಣ ಮಾಡಿ ಹೇಳುವ ಸಾಕ್ಷ್ಯ, ಮುಂದಿನ ವಾರ ಆಸ್ಪತ್ರೆಯಲ್ಲೇ ನಡೆಯಬೇಕಿತ್ತು. ಮಂಪರಿನಲ್ಲಿ ಆಡಿದ ಮಾತೆಂದು ಎದುರು ಪಕ್ಷದವರು ತಳ್ಳಿಹಾಕಿಯಾರೆಂಬುದು ರೋಸ್ ಅವರ ಭಯ.

ಮಂಪರು ಬಾರದಷ್ಟು ಮಾತ್ರ ಕೊಡುವೆನೆಂದೆ. ಒಪ್ಪಲಿಲ್ಲ. ತಲೆನೋವಿಗೆ ನುಂಗುವಂಥ ಮಾತ್ರೆಯಲ್ಲೇ ವಾರ ಕಳೆದರು.

ನಮ್ಮ ನರ್ಸ್ ಸುನಂದಾ ಧಾರವಾಡದವರು. ಲೇಆಫ್ ಆಗಿದ್ದ ಅವರ ಗಂಡ ಅದೇ ಗೋದಾಮಿನ ಕೆಲಸಕ್ಕೆ ಅಪ್ಲೈ ಮಾಡಿದ್ದರು. ಒಂದು ದಿನ ರೋಸ್ ಅವರನ್ನು ಮಗ್ಗುಲು ಬದಲಿಸಿ ಮಲಗಿಸಿ ಬಂದವರು ನನ್ನ ಹತ್ತಿರ ನಿಂತರು.

"ಆಕಿ ಗೆದ್ರ ನಮ್ಮ ಮನಿಯವ್ರಿಗೆ ಜಾಬ್ ಇಲ್ರಿ ಡಾಕ್ಟರ್. ಆದ್ರ ಆಕಿ ಹಲ್ಲು ಕಚ್ಚಿ ಮಲಗಿದ್ದು ನೋಡಿದ್ರ, ಗೆಲ್ಲಲಿ ಅನಸ್ತದ್ರಿ."

ಡೆಪೊಸಿಷನ್ ದಿನ ರೋಗಿಗೆ ಪೂರ್ಣ ಎಚ್ಚರವಿದೆಯೆಂದು ಪರೀಕ್ಷಿಸಿ ಬರೆದುಕೊಟ್ಟು ನಾನು ಅಲ್ಲೇ ಕುಳಿತೆ. ಕಂಪನಿಯ ವಕೀಲ ಸಭ್ಯನೇ. ರೋಸ್ ತಮ್ಮ ಅಜ್ಜಿ ಹೇಳುತ್ತಿದ್ದುದನ್ನು ವಿವರಿಸಿದಾಗ, ಅಜ್ಜಿಯಿಂದ ಕೇಳಿದ ಮಾತು ಬೇಡ, ಆ ಹೊಲಕ್ಕೂ ನಿಮಗೂ ಸ್ವಂತ ಸಂಬಂಧವೇನೆಂದು ಕೇಳಿದ. ರೋಸ್ ಮಗಳ ಕೈ ಹಿಡಿದುಕೊಂಡರು.

"ನನ್ನ ಮೊದಲನೇ ಮಗ ಅಲ್ಲಿದಾನೆ. ಎದೆಹಾಲು ಬಿಡದ ಕೂಸು. ನಮ್ಮಮ್ಮನ ಪಕ್ಕದಲ್ಲೇ ಮಣ್ಣು ಮಾಡಿದ್ವಿ. ಹೊಲದ ಯಜಮಾನ ಟ್ರ್ಯಾಕ್ಟರ್ ನಿಲ್ಲಿಸಿ, ನಾವು ಮುಗಿಸೋವರೆಗೂ ಟೋಪಿ ತೆಗೆದು ನಿಂತಿದ್ದ."

ಲಿಂಡಾ ತಾಯಿಯ ಕೈಯನ್ನು ಬಿಟ್ಟಳು, ಮತ್ತೆ ಹಿಡಿದುಕೊಂಡಳು. ತನಗೊಬ್ಬ ಅಣ್ಣನಿದ್ದನೆಂಬುದು ಅವಳಿಗೆ ಆಗಲೇ ತಿಳಿದದ್ದು. ವಕೀಲ ತನ್ನ ಪ್ರಶ್ನೆಗಳು ಮುಗಿದವೆಂದು ಹೇಳಿ ಕಡತ ಮುಚ್ಚಿದ.

ರೋಸ್ ನನ್ನ ಕಡೆ ತಿರುಗಿದರು. "ಈಗ ಕೊಡಿ, ಡಾಕ್ಟರ್."

ಅವರು ಆ ವಾರವೇ, ನಿದ್ದೆಯಲ್ಲೇ ತೀರಿಕೊಂಡರು. ತೀರ್ಪು ಬರಲು ವರ್ಷಗಳೇ ಹಿಡಿದವು. ಇಡೀ ನೆಲದ ಹಕ್ಕನ್ನು ಕೇಳಲು ತೀರ ತಡವಾಗಿದೆಯೆಂದು ಕೋರ್ಟ್ ತಳ್ಳಿಹಾಕಿತು. ಸಮಾಧಿಗಳಿದ್ದ ಮೂಲೆಯನ್ನಷ್ಟೇ ರೋಸ್ ಅವರ ಜನರದೆಂದು ಒಪ್ಪಿಕೊಂಡಿತು. ಸುತ್ತಲೂ ಗೋದಾಮು ಎದ್ದಿತು. ಸುನಂದಾ ಅವರ ಗಂಡನಿಗೆ ಅಲ್ಲಿ ಕೆಲಸ ಸಿಕ್ಕಿತು. ಆ ಸುದ್ದಿ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ನೋವನ್ನು ತೆಗೆಯುವುದೇ ವೈದ್ಯನ ಮೊದಲ ಕರ್ತವ್ಯವೆಂದು ಕಲಿತು ಬಂದವನು ನಾನು. ನಿವೃತ್ತನಾಗುವವರೆಗೂ ಮಾರ್ಫಿನ್ ಬರೆಯುವ ಮುನ್ನ ಕುರ್ಚಿ ಎಳೆದು ಕುಳಿತು, ಯಾರಿಗಾದರೂ ಏನಾದರೂ ಹೇಳುವುದು ಬಾಕಿಯಿದೆಯೇ ಎಂದು ಕೇಳುತ್ತಿದ್ದೆ. ಹೆಚ್ಚಿನವರಿಗೆ ಇರುತ್ತಿತ್ತು.