ಕೋಣೆಯಲ್ಲಿ ಆಡಿದ ಮಾತೆಲ್ಲ

ನಮಗೆ ಸನ್ನೆ ಭಾಷೆಯ ದುಭಾಷಿ ಕೆಲಸ ಕಲಿಸಿದ ಟೀಚರು ಹುಟ್ಟಿನಿಂದ ಕಿವುಡರು. ಜಾದವ್‌ಪುರದ ಒಂದು ಮಹಡಿ ಕೋಣೆಯಲ್ಲಿ ತರಗತಿ. ಅಲ್ಲಿ ಒಂದು ಪಾಠ ಹೀಗಿತ್ತು: ಒಬ್ಬರು ಟೀಚರ ಬೆನ್ನ ಹಿಂದೆ ನಿಂತು ಅವರನ್ನು ಬಂಗಾಳಿಯಲ್ಲಿ ಬಾಯಿಗೆ ಬಂದಂತೆ ಬೈಯಬೇಕು, ಇನ್ನೊಬ್ಬರು ಅದನ್ನು ಅವರ ಮುಖಕ್ಕೇ ಸನ್ನೆಯಲ್ಲಿ ಹೇಳಬೇಕು. ಸನ್ನೆ ಮಾಡುವ ಸರದಿ ನನಗೆ ಬಂದಾಗ ಅರ್ಧ ಬೈಗುಳ ನುಂಗಿದೆ. ಉಳಿದವರ ಮುಖ ನೋಡಿಯೇ ಟೀಚರಿಗೆ ಗೊತ್ತಾಯಿತು. "ನಾನು ಎಷ್ಟು ತಡ್ಕೋತೀನಿ ಅಂತ ತೀರ್ಮಾನ ಮಾಡೋಕೆ ನೀನು ಯಾರು?" ಎಂದು ಅವರ ಕೈಗಳು ಕೇಳಿದವು.

ಮನೆಯಲ್ಲಿ ಹೇಳಿದರೆ ಧಾರವಾಡದ ನಮ್ಮವ್ವ ನಕ್ಕುಬಿಟ್ಟಳು. "ಒಬ್ಬರ ಬೈಗಳಾ ಇನ್ನೊಬ್ಬರಿಗೆ ಮುಟ್ಟಸಾಕ ಒಂದ್ ಕೋರ್ಸ್ ಏನವಾ? ನಮ್ಮ ಓಣ್ಯಾಗ ಪುಕ್ಕಟ ಮಾಡ್ತಿದ್ರು." ನನಗೂ ನಗು ಬಂತು.

ತರಬೇತಿಯ ಕೊನೆಗೆ ನನ್ನನ್ನು ಡಮ್ ಡಮ್ ಕಡೆಯ ನರ್ಸಿಂಗ್ ಹೋಮ್ ಒಂದಕ್ಕೆ ಕಳಿಸಿದರು. ಸೆಕ್ಟರ್ ಫೈವ್‌ನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಕಿವುಡ ಹುಡುಗಿ, ಅಂಡಾಶಯದಲ್ಲಿ ಗಡ್ಡೆ. ಚಳಿಗಾಲಕ್ಕೆ ಮದುವೆ ಗೊತ್ತಾಗಿತ್ತು, ಹುಡುಗನೂ ಕಿವುಡ. ಗಡ್ಡೆ ಮಾತ್ರ ತೆಗೆದರೆ ಸಾಕು ಎಂದು ಡಾಕ್ಟರು ಹೇಳಿದ್ದನ್ನು ನಾನು ಸನ್ನೆಯಲ್ಲಿ ತಿಳಿಸಿದೆ. ಹುಡುಗಿಯ ಮುಖ ಅರಳಿತು.

ಅವಳ ಪಕ್ಕದಲ್ಲೇ ಕೂತಿದ್ದ ತಾಯಿ ಆಗ ಬಾಯಿ ತೆರೆದರು. "ಹೇಗೂ ಹೊಟ್ಟೆ ಕೊಯ್ತೀರಲ್ಲ ಡಾಕ್ಟರ್‌ಬಾಬು, ಗರ್ಭಕೋಶಾನೂ ತೆಗೆದುಬಿಡಿ. ಇಂಥದೇ ಇನ್ನೊಂದು ಹುಟ್ಟಿದ್ರೆ ಸಾಕೋರು ಯಾರು?" ಮೀನು ಕೊಳ್ಳುವಾಗಿನಷ್ಟೇ ಸಲೀಸು ದನಿ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಅವಳಿಗೆ ಹೇಳಬೇಡಮ್ಮ" ಎಂದರು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಎಲ್ಲ ಹೆತ್ತವರಿಗೂ ಅಲ್ಲ.

ನಮ್ಮ ಕೆಲಸದಲ್ಲಿ ಕೋಣೆಯಲ್ಲಿ ಆಡಿದ ಮಾತೆಲ್ಲ ಕೈಗೆ ಬರಬೇಕು. ಗರ್ಭಕೋಶದ ಮಾತು ಹೇಳಿದೆ, ಇಂಥದೇ ಇನ್ನೊಂದು ಅನ್ನುವುದನ್ನು ಹೇಳಿದೆ, ಹೇಳಬೇಡ ಎಂದದ್ದನ್ನೂ ಹೇಳಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಸನ್ನೆ ಭಾಷೆಯಲ್ಲಿ ಮುಖವೂ ಮಾತಾದ್ದರಿಂದ ನನ್ನ ಸಿಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ಆ ತಾಯಿಯ ಸಲೀಸಾದ ಮುಖವನ್ನೇ ನಾನು ಹೊತ್ತುಕೊಂಡು ಅವಳೆದುರು ಕೂರಬೇಕಾಯಿತು. ಅಷ್ಟು ಅಸಹ್ಯ ನನಗೆ ನನ್ನ ಮೇಲೆ ಎಂದೂ ಆಗಿರಲಿಲ್ಲ.

ಹುಡುಗಿ ಅಳಲಿಲ್ಲ. ಡಾಕ್ಟರನ್ನು ಕೇಳಿದಳು. ದುಭಾಷಿ "ಅವಳು ಹೀಗೆ ಹೇಳ್ತಿದ್ದಾಳೆ" ಅನ್ನುವಂತಿಲ್ಲ, "ನಾನು" ಎಂದೇ ನುಡಿಯಬೇಕು.

"ನನ್ನ ಗರ್ಭಕೋಶ ಚೆನ್ನಾಗಿದೆಯಾ?" ಎಂದೆ.

"ಚೆನ್ನಾಗಿದೆ," ಎಂದರು ಡಾಕ್ಟರು.

"ಹಾಗಾದ್ರೆ ಅದನ್ನ ಮುಟ್ಟಬೇಡಿ. ಬರೆದುಕೊಡ್ತೀನಿ."

ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಹುಡುಗಿ ತಾಯಿಯ ಕಡೆ ತಿರುಗಿದಳು. ಅವಳ ಕೈಗಳನ್ನು ನೋಡುತ್ತ ನಾನು ಬಂಗಾಳಿಯಲ್ಲಿ ಹೇಳಿದೆ: "ಮಾ, ನನ್ನನ್ನ ಸಾಕಿದ್ದು ಅಷ್ಟು ಕಷ್ಟ ಆಯ್ತಾ?"

ತಾಯಿ ಮಗಳನ್ನು ನೋಡಲಿಲ್ಲ. ನನ್ನನ್ನೇ ದಿಟ್ಟಿಸಿ, "ಹೌದು" ಎಂದರು.

ಹುಡುಗಿ ನನ್ನ ಕೈಗಳನ್ನೇ ನೋಡುತ್ತ ಕಾಯುತ್ತಿದ್ದಳು. ಹೇಳಿದೆ. ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ಹೇಳು ಎಂದಳು.

ಇನ್ನೊಂದು ಸಲ ಹೇಳಿದೆ.