ಮಾವನವರ ಉರಿಯುವ ಗ್ಲಾಸು

ನಮ್ಮ ಮಾವನವರು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತೆರಡು ವರ್ಷ ಭಟ್ಟಿಯ ಮುಂದೆ ನಿಂತು ದುಡಿದವರು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಕೆಲಸ. ನಿವೃತ್ತರಾದ ಮೇಲೆ ಅವರಿಗೆ ಉಳಿದ ಒಂದೇ ಚಟವೆಂದರೆ ಭಾನುವಾರ ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಪೆಗ್ ರಮ್. ನಾನು ಮದುವೆಯಾಗಿ ಹಿಂದವಾಡಿಯ ಈ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅವರು ಎರಡನೆಯ ಪೆಗ್ ಕೇಳಿದ್ದನ್ನು ನೋಡಿಲ್ಲ. ಅತ್ತೆಯವರು ಅದನ್ನು ಸಹಿಸಿಕೊಂಡಿದ್ದರೇ ಹೊರತು ಒಪ್ಪಿರಲಿಲ್ಲ. ಸರಿಯಾಗಿ ಆ ಹೊತ್ತಿಗೆ ದೇವರ ಕೋಣೆಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ಕೂತುಬಿಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಮಾವನವರು ಹಳೆಯ ಗೆಳೆಯರೊಬ್ಬರ ಮಗಳ ಮದುವೆಗೆಂದು ರೈಲಿನಲ್ಲಿ ಗೋವಾಕ್ಕೆ ಹೋಗಿಬಂದರು. ಬಂದವರು ಮದುವೆಯ ಸುದ್ದಿ ಹೇಳಲಿಲ್ಲ, ಊಟದ ಸುದ್ದಿ ಹೇಳಲಿಲ್ಲ. ಅಲ್ಲಿಯ ಹೋಟೆಲೊಂದರಲ್ಲಿ ಗ್ಲಾಸಿನ ಮೇಲೆ ಬೆಂಕಿ ಹಚ್ಚಿ ಕೊಡುವ ಪಾನೀಯವನ್ನು ನೋಡಿದ್ದರಂತೆ. ಬಾಜು ಮೇಜಿನವರು ತರಿಸಿಕೊಂಡದ್ದು. ಕೇಳಲು ಇವರಿಗೆ ಸಂಕೋಚವಾಗಿತ್ತು.

"ನೀಲಿ ಉರಿ ನೋಡವಾ. ಗ್ಲಾಸಿನ ಬಾಯಿ ಮ್ಯಾಲೆ ಕುಂತಿತ್ತ. ಹೊಗಿ ಇಲ್ಲ, ಸಪ್ಪಳ ಇಲ್ಲ," ಎಂದು ಎರಡು ವಾರ ಅದನ್ನೇ ಹೇಳಿದರು.

ತಮಗಾಗಿ ಏನನ್ನೂ ಕೇಳುವ ಮನುಷ್ಯರಲ್ಲ ಅವರು. ನನಗೆ ಪಾಪ ಅನಿಸಿತು. ಅತ್ತೆಯವರು ತಮ್ಮ ತಂಗಿಯ ಮನೆಗೆಂದು ಖಾನಾಪುರಕ್ಕೆ ಹೋಗಿದ್ದ ಒಂದು ಭಾನುವಾರ, ನಾನೇ ಮಾಡಿಕೊಡುತ್ತೇನೆ ಎಂದೆ. ನಾನು ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ. ಬೆಂಕಿ ಅವಘಡಗಳ ಕಡತಗಳು ನನ್ನ ಮೇಜಿಗೇ ಬರುತ್ತವೆ. ಅಷ್ಟೆಲ್ಲ ಓದಿದವಳಿಗೆ ಎಚ್ಚರ ತಾನಾಗಿ ಬಂದಿರುತ್ತದೆ ಎಂದು ನಂಬಿದ್ದೆ. ಮೊಬೈಲಿನಲ್ಲಿ ಮೂರು ವಿಡಿಯೊ ನೋಡಿ ಸಿದ್ಧಳಾದೆ.

ಗಂಡ ಕಾರಿಗೆ ಗಾಳಿ ತುಂಬಿಸಲು ಹೋಗಿದ್ದರು. ಊಟದ ಮೇಜಿನ ಮೇಲೆ ನೈಲಾನ್ ಜಾಲರಿಯ ಬಟ್ಟೆ ಹಾಸಿತ್ತು. ಅದನ್ನು ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಚೆಂದ ಕಾಣಲೆಂದು ಶೋಕೇಸಿನಿಂದ ತೆಳ್ಳನೆಯ ಗಾಜಿನ ಗ್ಲಾಸು ಇಳಿಸಿದೆ. ಫ್ರಿಜ್ಜಿನಲ್ಲಿದ್ದ ತಣ್ಣನೆಯ ಕಿತ್ತಳೆ ರಸವನ್ನು ಮುಕ್ಕಾಲು ತುಂಬಿ, ಸಕ್ಕರೆ ಹಾಕಿ ಕಲಸಿದೆ. ರಮ್ ಬೆಚ್ಚಗಿದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ ಎಂದು ವಿಡಿಯೊದಲ್ಲಿ ಹೇಳಿದ್ದರು. ಸೌಟಿನಲ್ಲಿ ಬಗ್ಗಿಸಿಕೊಂಡು ಗ್ಯಾಸಿನ ಮೇಲೆಯೇ ಹಿಡಿದೆ. ಅದು ಅಲ್ಲೇ ಹೊತ್ತಿಕೊಳ್ಳದೆ ಇದ್ದದ್ದು ನನ್ನ ಪುಣ್ಯ. ಬೆಚ್ಚಗಾದದ್ದನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ರಸದ ಮೇಲೆ ಇಳಿಬಿಟ್ಟೆ. ಎರಡು ಚಮಚ ಸಾಕಿದ್ದ ಕಡೆ ಇಡೀ ಸೌಟು ಸುರಿದಿದ್ದೆ. ಗ್ಯಾಸ್ ಲೈಟರನ್ನು ಗ್ಲಾಸಿನ ಬಾಯಿಗೆ ತಂದು ಒತ್ತಿದೆ.

ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಏನೂ ಕಾಣಲಿಲ್ಲ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಮೇಜಿನ ಮೇಲೆ ಬಿದ್ದಿತ್ತು.

"ಹತ್ತಲಿಲ್ರಿ ಮಾವಾರ. ರಮ್ ಕಮ್ಮಿ ಬಿತ್ತೇನೋ," ಎಂದು ಬಾಟಲಿ ಎತ್ತಿದೆ. ಮುಚ್ಚಳ ಮೊದಲೇ ತೆರೆದಿತ್ತು.

ಎದುರಿಗೆ ಕೂತಿದ್ದ ಮಾವನವರು ಗ್ಲಾಸಿನಿಂದ ಒಂದು ಗೇಣು ಮೇಲೆ ಅಂಗೈ ಹಿಡಿದರು. ಮರುಕ್ಷಣ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

"ಬಾಟ್ಲಿ ದೂರ ಇಡು. ಹತ್ತೈತಿ ಅದು."

ದನಿ ಏರಿಸಲಿಲ್ಲ. ಆದರೆ ಆ ಹಿಡಿತದಲ್ಲಿ ಎರಡನೆಯ ಮಾತಿಗೆ ಎಡೆ ಇರಲಿಲ್ಲ. ನಾನು ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತಿರುಗುವಷ್ಟರಲ್ಲಿ ಟಣ್ ಎಂದು ಸಪ್ಪಳವಾಯಿತು. ಕೆಳಗೆ ತಣ್ಣನೆಯ ರಸ, ಮೇಲೆ ಕಾಣದ ಉರಿ. ತೆಳ್ಳನೆಯ ಗ್ಲಾಸು ತಡೆಯದೆ ಸೀಳಿಹೋಗಿತ್ತು. ರಸ ಮೇಜಿನ ತುಂಬ ಹರಿಯಿತು. ಅದರ ಜೊತೆಗೆ ಉರಿಯೂ ಹರಿಯಿತು. ಜಾಲರಿಯ ಬಟ್ಟೆಗೆ ತಾಗಿದಾಗಲೇ ಅದು ಹಳದಿಯಾಗಿ ನನ್ನ ಕಣ್ಣಿಗೆ ಬಿದ್ದದ್ದು.

ನಾನು ನೀರಿನ ತಂಬಿಗೆಗೆ ಕೈ ಹಾಕಿದೆ. "ನೀರು ಬ್ಯಾಡ," ಎಂದವರೇ ಮಾವನವರು, ನಾನು ಹಿಟ್ಟು ನಾದಿಡಲೆಂದು ತಂದಿಟ್ಟಿದ್ದ ದೊಡ್ಡ ಸ್ಟೀಲಿನ ಪರಾತವನ್ನು ಎತ್ತಿ ಗ್ಲಾಸು, ರಸ, ಉರಿ ಎಲ್ಲದರ ಮೇಲೂ ಬೋರಲು ಹಾಕಿ ಒತ್ತಿಹಿಡಿದರು. ಹೊರಗೆ ಉಳಿದಿದ್ದ ಬಟ್ಟೆಯ ಅಂಚಿಗೆ ನಾನು ಒದ್ದೆ ಟವೆಲ್ ಎಸೆದೆ. ಅಷ್ಟೇ. ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ನನ್ನ ಬಲ ಮುಂಗೈಯ ಕೂದಲು ಸುಟ್ಟು ವಾಸನೆ ಬರುತ್ತಿತ್ತು. ಚರ್ಮಕ್ಕೆ ಏನೂ ಆಗಿರಲಿಲ್ಲ. ಮಾವನವರ ಅಂಗೈ ತಿರುಗಿಸಿ ನೋಡಿದೆ, ಅವರಿಗೂ ಏನೂ ಆಗಿರಲಿಲ್ಲ. ಆಮೇಲೆ ನೆಲದ ಮೇಲೆಯೇ ಕೂತುಬಿಟ್ಟೆ. ಆ ತೆರೆದ ಬಾಟಲಿಯಿಂದ ಉರಿಯ ಮೇಲೆ ಧಾರೆ ಬಿಟ್ಟಿದ್ದರೆ ಬೆಂಕಿ ಧಾರೆಯನ್ನೇ ಹಿಡಿದು ನನ್ನ ಕೈಗೆ, ಮುಖಕ್ಕೆ ಬರುತ್ತಿತ್ತು. ಅಂಥ ಸಾಲುಗಳನ್ನು ಕಡತಗಳಲ್ಲಿ ಎಷ್ಟೋ ಸಲ ಓದಿ ಸಹಿ ಹಾಕಿದ್ದೇನೆ.

ಮಾವನವರು ಪರಾತದ ಮೇಲಿಂದ ಕೈ ತೆಗೆಯದೆ ನಿಂತಲ್ಲಿಂದಲೇ ಮಾತಾಡಿದರು. "ಫೌಂಡ್ರ್ಯಾಗ ಕಬ್ಬಿಣ ಕೆಂಪಗ ಇದ್ದಾಗ ಯಾರೂ ಮುಟ್ಟಂಗಿಲ್ಲವಾ. ಕರ್ರಗಾದ ಮ್ಯಾಲೆ ಆರಿರಬೇಕು ಅಂತ ತಿಳಕೊಂಡು ಮುಟ್ಟತಾರ. ನಮ್ಮ ಶಿಫ್ಟಿನಾಗ ಸುಟಗೊಂಡವರೆಲ್ಲಾ ಹಂಗ ಸುಟಗೊಂಡಾರ. ಅದಕ್ಕ ನಾ ಮೊದಲ ಕೈ ಹಿಡದು ನೋಡಿದ್ದು."

"ಅತ್ಯಾರಿಗೆ ಏನ್ ಹೇಳೂಣ್ರಿ?" ಎಂದೆ.

"ಖರೇ ಹೇಳೂಣು," ಎಂದರು, ಆದರೆ ಅಷ್ಟು ಧೈರ್ಯದಿಂದ ಹೇಳಲಿಲ್ಲ.

ಮುಂದಿನ ಶನಿವಾರ ಅತ್ತೆಯವರನ್ನು ಕರೆತರಲು ನಾವು ಮೂವರೂ ಖಾನಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅತ್ತೆಯವರ ತಂಗಿ ಯಾವುದೋ ಪೂಜೆಗೆ ಪಕ್ಕದ ಓಣಿಗೆ ಹೋಗಿದ್ದರು. ಚಹಾ ಕುಡಿದು ಮುಗಿಯುವ ಮೊದಲೇ ಮಾವನವರು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಕಪ್ಪು-ಬಶಿಯನ್ನು ಕೆಳಗಿಟ್ಟರು. "ಕೇಳಿದ್ದು ನಾನ, ಸೊಸೀದು ತಪ್ಪಿಲ್ಲ," ಎಂದೂ ಸೇರಿಸಿದರು. ಅವರು ಕೇಳಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅತ್ತೆಯವರು ಎದ್ದು ಬಂದು ನನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿದರು. ಬೈಗುಳ ಕಾಯುತ್ತಾ ನಾನು ತಲೆ ತಗ್ಗಿಸಿ ನಿಂತೆ.

"ಇನ್ನೂ ಬಾಟ್ಲಿ ಐತೇನು?" ಎಂದು ಕೇಳಿದರು.

"ಐತಿ. ಕಾರಿನಾಗ ಐತಿ. ಇಲ್ಲೇ ಉಳದ್ರ ನಾಳೆ ಐತವಾರ ಅಲ್ಲೇನು," ಎಂದರು ಮಾವನವರು ಮೆಲ್ಲಗೆ.

"ಹಂಗಾರ ಇವತ್ತ, ಇಲ್ಲೇ, ನನ್ನ ಮುಂದ ಮಾಡ್ರಿ. ಬ್ಯಾಡ ಅಂದ್ರ ನಾ ಇಲ್ಲದಾಗ ಮತ್ತ ಮಾಡ್ತೀರಿ ನೀವು. ನನಗೇನ್ ಗೊತ್ತಿಲ್ಲೇನು?"

ಗಂಡ ನಕ್ಕರು. ಅತ್ತೆಯವರು ನಗಲಿಲ್ಲ.

ಸೂರ್ಯ ಮುಳುಗಿ ಬೆಳಕು ಇನ್ನೂ ಸ್ವಲ್ಪ ಉಳಿದಿದ್ದಾಗ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಸೇರಿದೆವು. ಗಾಳಿ ಇರಲಿಲ್ಲ. ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಅತ್ತೆಯವರು ತೆಗೆಸಿದರು. ಮಾವನವರು ಹಳೆಯ ಶಿಫ್ಟಿನ ದನಿಯಲ್ಲಿ ಒಂದೊಂದೇ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಚಹಾದಂಗಡಿಯಲ್ಲಿರುವಂಥ ದಪ್ಪ, ಗಿಡ್ಡ ಗ್ಲಾಸನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿದೆ. ಅದಕ್ಕೆ ಹಾಕಿದ ಕಿತ್ತಳೆ ರಸ ಈ ಸಲ ಫ್ರಿಜ್ಜಿನದ್ದಲ್ಲ. ಗ್ಯಾಸಿನ ಗೊಡವೆಯೂ ಇಲ್ಲ. ಬಟ್ಟಲಲ್ಲಿ ಎರಡೇ ಚಮಚ ರಮ್ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ. ಬಾಟಲಿಗೆ ಮುಚ್ಚಳ ಬಿಗಿದು ಗಂಡ ಅದನ್ನು ಮನೆಯೊಳಗೆ ಇಟ್ಟುಬಂದರು, ಬಂದು ಒದ್ದೆ ಗೋಣಿಚೀಲ ಹಿಡಿದು ನಿಂತರು. ನಾನು ಜಡೆಯನ್ನು ಸುತ್ತಿ ಗಂಟು ಹಾಕಿ, ಓಢಣಿ ತೆಗೆದಿಟ್ಟೆ. ಗ್ಲಾಸಿನ ಬಾಯಿಗೆ ಪೂರ್ತಿ ಕೂರುವಂಥ ಸ್ಟೀಲಿನ ತಟ್ಟೆಯನ್ನು ಅತ್ತೆಯವರೇ ಆರಿಸಿ, ಇಕ್ಕಳದಲ್ಲಿ ಹಿಡಿದುಕೊಂಡರು.

"ಮುಖಾ ಹಿಂದ ತಗೋ. ಕೈ ಉದ್ದ ಮಾಡು," ಎಂದರು ಮಾವನವರು.

ಬೆಚ್ಚಗಾದ ರಮ್ಮನ್ನು ಚಮಚದ ಬೆನ್ನಿನಿಂದ ರಸದ ಮೇಲೆ ಇಳಿಬಿಟ್ಟು, ಉದ್ದ ಕಡ್ಡಿಯೊಂದಕ್ಕೆ ಬೆಂಕಿ ಹಚ್ಚಿ ಗ್ಲಾಸಿನ ಅಂಚಿಗೆ ತಂದೆ. ಒಂದು ಕ್ಷಣ ಮತ್ತೆ ಏನೂ ಇಲ್ಲ. ಆಮೇಲೆ ಗ್ಲಾಸಿನ ಬಾಯಿಯ ಮೇಲೆ ನೀಲಿ ಉರಿ ಮೆಲ್ಲಗೆ ಹರಡಿ ನಿಂತಿತು. ನಸುಗತ್ತಲಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ಹಿಂದಿನ ವಾರ ಇದೇ ಉರಿ ಕಣ್ಣಿಗೆ ಬೀಳಲಿಲ್ಲವೆಂದು ನಂಬಲು ಆಗಲಿಲ್ಲ. ಮಾವನವರು ಕೈ ಹಿಂದೆ ಕಟ್ಟಿ, ಸ್ವಲ್ಪ ಬಾಗಿ ನೋಡುತ್ತಿದ್ದರು. ಅತ್ತೆಯವರು ಹತ್ತರವರೆಗೆ ಜೋರಾಗಿ ಎಣಿಸಿ ತಟ್ಟೆಯನ್ನು ಮುಚ್ಚಿದರು. ಮುಚ್ಚಿದ ಮೇಲೆ ಮತ್ತೆ ಇಪ್ಪತ್ತು ಎಣಿಸಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತಟ್ಟೆ ತೆಗೆದಾಗ ಉರಿ ಆರಿತ್ತು. ಆದರೂ ಮಾವನವರು ಮೇಲೆ ಅಂಗೈ ಹಿಡಿದು ನೋಡಿದರು. ಗ್ಲಾಸಿನ ಅಂಚು ತಣ್ಣಗಾಗುವವರೆಗೆ ಕುಡಿಯಲು ಅವರೂ ಅವಸರ ಮಾಡಲಿಲ್ಲ. ಕೊನೆಗೆ ಎತ್ತಿ ಒಂದು ಗುಟುಕು ಕುಡಿದರು. ನಾವು ಮೂವರೂ ಅವರ ಮುಖ ನೋಡುತ್ತಿದ್ದೆವು.

"ಸಿಹಿ ಭಾಳ ಆತು," ಎಂದರು. ಗ್ಲಾಸನ್ನು ಕಲ್ಲಿನ ಮೇಲಿಟ್ಟು, "ನೋಡಾಕ ಛಲೋ ಇತ್ತು," ಎಂದರು.

ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅತ್ತೆಯವರು ಗ್ಲಾಸನ್ನು ಮೂಗಿನ ಹತ್ತಿರ ತಂದು ಮೂಸಿ, ಕಾಯಿಸಿದ ಬೆಲ್ಲದ ವಾಸನೆ ಬರುತ್ತದೆ ಎಂದರು. ಕುಡಿಯಲಿಲ್ಲ. ಒಳಗೆ ಹೋಗುತ್ತಾ ನನ್ನ ಕಿವಿಯ ಬಳಿ ಮಾತ್ರ ಹೇಳಿದರು, "ಮೂವತ್ತೆರಡ ವರ್ಷ ದಿನಾ ಸಂಜಿಕ ಬಾಗಿಲದಾಗ ನಿಂತು ಇವರ ಕೈ ನೋಡೀನಿ ನಾ. ಒಮ್ಮೆನೂ ಸುಟಗೊಂಡು ಬಂದಿಲ್ಲ. ಇವರು ಬಾಜು ಇದ್ರು ಅಂದ ಕೂಡ್ಲೇ ನನಗ ಧೈರ್ಯ ಆಗಿತ್ತು. ಮತ್ತ ಹಂಗ ಒಬ್ಬಾಕಿನ ಏನೂ ಮಾಡಬ್ಯಾಡ."

ಅತ್ತೆಯವರ ತಂಗಿ ಬಂದ ಮೇಲೆ ಊಟ ಮುಗಿಸಿ ಹೊರಟೆವು. ಮಾವನವರು ಮುಂದಿನ ಸೀಟಿನಲ್ಲಿ ಗಂಡನಿಗೆ ರಸ್ತೆಯ ಗುಂಡಿಗಳನ್ನು ತೋರಿಸುತ್ತಿದ್ದರು. ನಾನು ಹಿಂದೆ ಅತ್ತೆಯವರ ಭುಜಕ್ಕೆ ತಲೆಯಾನಿಸಿದವಳು, ಬೆಳಗಾವಿ ಬಂದದ್ದು ಗೊತ್ತಾಗದಷ್ಟು ಗಾಢವಾಗಿ ನಿದ್ದೆಹೋದೆ.